ಬಲಕ್ಕೆ ಬಿದ್ದ ಹೂವು

ಗೌರವ್ವ ಬೀಗಿತ್ತಿಯವರೇ, ಆ ದಿನ ಹೂವು ಬಲಕ್ಕೆ ಬಿದ್ದಿತ್ತು. ಎಡಕ್ಕೆ ಬಿತ್ತೆಂದು ನಿಮ್ಮೆದುರು ನಿಂತು ಹೇಳಿದವನು ನಾನು. ಹೇಳಿದ್ದು ಸುಳ್ಳು.

ಬರೆದೆ. ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಮೂರು ಹಾಳೆ ಹರಿದು ಹಾಕಿದ್ದೇನೆ. ನಾನು ಕಲಿತದ್ದು ಎರಡನೆಯ ಇಯತ್ತೆ. ನನ್ನ ಅಕ್ಷರ ಕೆಸರಿನಲ್ಲಿ ಎತ್ತು ನಡೆದ ಹಾಗಿರುತ್ತದೆ, ನಿಧಾನವಾಗಿ ಓದಿ. ಕಾಗದ ಮಾತ್ರ ಒಳ್ಳೆಯದು, ದಾಂಡೇಲಿಯ ಗಿರಣಿಯದು. ಇಷ್ಟು ವರ್ಷ ಕಾಡಿನಿಂದ ಚಕ್ಕಡಿಯಲ್ಲಿ ಆ ಗಿರಣಿಗೆ ಬಿದಿರು ಹೇರಿದವನು ನಾನು. ನಾನೇ ಹೇರಿದ ಒಂದು ಗಳ ಈ ಹಾಳೆಯೊಳಗೆ ಇದ್ದರೂ ಇದ್ದೀತು. ಅದಕ್ಕೋ ಏನೋ, ಇದರ ಮೇಲೆ ಸುಳ್ಳು ಬರೆಯಲು ಕೈ ಏಳುವುದಿಲ್ಲ.

ಆದರೆ ಮೊದಲು ಕೂಸಿನ ಸುದ್ದಿ. ತಪ್ಪು ಒಪ್ಪಿಕೊಳ್ಳಲು ಕೂತವನು ಹಿಗ್ಗಬಾರದು, ಗೊತ್ತು — ಏನು ಮಾಡಲಿ, ಹಿಗ್ಗು ಒಳಗೆ ಹಿಡಿಸುತ್ತಿಲ್ಲ. ನಮ್ಮ ಕಸ್ತೂರಿಯ ಮಗಳು, ನಿಮ್ಮ ಮಲ್ಲೇಶಿಯ ಮಗಳು, ಇವತ್ತಿಗೆ ಎಂಟು ದಿನದವಳು! ಮೂಗು ನಿಮ್ಮದೇ, ಬೀಗಿತ್ತಿಯವರೇ, ತುದಿಯಲ್ಲಿ ಸ್ವಲ್ಪ ಮೇಲೆದ್ದ ಮೂಗು. ಸಿಟ್ಟು ನನ್ನ ಹೆಂಡತಿ ನೀಲವ್ವನದು. ಹಾಲು ಅರೆಗಳಿಗೆ ತಡವಾದರೆ ಮನೆಯ ಹಂಚು ಅಲುಗಿಸುತ್ತಾಳೆ. ನನ್ನಿಂದ ಏನು ಬಂದಿದೆ ಎಂದು ಹುಡುಕಿ ಹುಡುಕಿ ಕೊನೆಗೆ ಕಿವಿ ಸಿಕ್ಕವು. ಅಗಲ ಕಿವಿ.

"ಮಂದಿ ಮಾತು ಕೇಳೂ ಕಿವಿ ಅಷ್ಟ ಕೊಟ್ಟೀರಿ ನೋಡ್ರಿ ನಮ್ಮ ಕೂಸಿಗೆ," ಎಂದಳು ನೀಲವ್ವ.

ಹುಟ್ಟಿದ ದಿನ ಎತ್ತುಗಳಿಗೂ ಬೆಲ್ಲ ತಿನ್ನಿಸಿದೆ. ಮೊನ್ನೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದ ಒಬ್ಬರನ್ನು ತಡೆದು, "ನಾ ಅಜ್ಜ ಆದೆರೀ!" ಎಂದೆ. ಅವರು ಪಾಪ, ಬಸ್ಸು ಹೊರಡುತ್ತಿದ್ದರೂ ನಿಂತು, ಬೆಲ್ಲ ತಿಂದು, ಓಡಿ ಹೋಗಿ ಹತ್ತಿದರು. ಅಷ್ಟರಲ್ಲಿ ಜೊಯಿಡಾದ ಬಸ್ಸು ಬಂತು. ಅದರ ಕಂಡಕ್ಟರ್ ನಿಮ್ಮ ಮಾತು ತಂದಿದ್ದ.

"ಹದಿಮೂರನೇ ದಿನ, ತೊಟ್ಟಲಕ್ಕ ಹಾಕೂವತ್ತು ಬರ್ತಾರಂತ್ರಿ. ಮೊದಲ ನಿಮ್ಮೂರ ಕಲ್ಮೇಶ್ವರನ ಗುಡಿಗೆ ಹೋಗಿ, ಉದ್ದಕ ಬಿದ್ದು, ತಪ್ಪಾತು ಅಂತ ಕೇಳಕೊಂಡು, ಆಮ್ಯಾಲೆ ಕೂಸಿನ ಮಾರಿ ನೋಡ್ತಾರಂತ. ಏಳು ವರ್ಷದ ಮ್ಯಾಲೆ ಅವತ್ತ ಹೂವು ಮುಡೀತಾರಂತ."

ಬಾಯಲ್ಲಿದ್ದ ಬೆಲ್ಲ ಅಲ್ಲೇ ನಿಂತಿತು. ತಪ್ಪಾಯಿತೆಂದು ಕೇಳಿಕೊಳ್ಳುವವರು ನೀವೇ? ಯಾವ ತಪ್ಪಿಗೆ? ದೇವರು ಬೇಡವೆಂದ ಸಂಬಂಧವನ್ನು ಮಾಡಿದಿರಿ ಎಂಬ ತಪ್ಪಿಗೆ. ಆದರೆ ದೇವರು ಬೇಡ ಎಂದೇ ಇರಲಿಲ್ಲವಲ್ಲ — ಆತ ಹೂಂ ಎಂದಿದ್ದ. ಬೇಡ ಎಂದದ್ದು ನಾನು. ನೀವು ಆ ಕಲ್ಲಿನ ನೆಲಕ್ಕೆ ಹಣೆ ಮುಟ್ಟಿಸುವ ಮೊದಲು ಈ ಕಾಗದ ನಿಮ್ಮ ಕೈ ಮುಟ್ಟಬೇಕು.

ಅದು ಗೋವಾಕ್ಕೆ ದಂಡು ಹೋದ ವರ್ಷ. ಚಳಿಗಾಲ. ಅಳ್ನಾವರದ ಸ್ಟೇಷನ್ನಿನಲ್ಲಿ ದಂಡಿನ ರೈಲುಗಳು ಒಂದರ ಹಿಂದೆ ಒಂದು ಬೆಳಗಾವಿಯ ಕಡೆಗೆ ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಕಸ್ತೂರಿ ಮಲ್ಲೇಶಿಯ ಮಾತುಕತೆ ದೀಪಾವಳಿಗೇ ಮುಗಿದಿತ್ತು. ಜೊಯಿಡಾದಲ್ಲಿ ನಿಮ್ಮ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಶಂಕ್ರಪ್ಪ ಬೀಗರೂ ನಾನೂ ಅವಲಕ್ಕಿ ತಿಂದು ಆಗಿತ್ತು. ಉಳಿದದ್ದು ಒಂದೇ, ನಮ್ಮೂರ ಕಲ್ಮೇಶ್ವರನಲ್ಲಿ ಹೂವು ಕೇಳುವುದು. ನಮ್ಮ ಮನೆತನದಲ್ಲಿ ಅದಾಗದೆ ಹೆಣ್ಣು ಹೊಸಲು ದಾಟುವುದಿಲ್ಲ.

ಹೂವು ಕೇಳುವ ಹಿಂದಿನ ದಿನ ನಾನು ಹಳಿಯಾಳಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರು ಸೈಕಲ್ ರಿಪೇರಿ ಮಾಡುವ ಮೌಲಾಸಾಬ ನಿಮಗೂ ಗೊತ್ತು. ಪೇಪರನ್ನು ಬೀದಿಗೆಲ್ಲ ಕೇಳುವಂತೆ ಓದುತ್ತಾನೆ, ಪಂಕ್ಚರ್ ಹಾಕುತ್ತಲೇ ಅರ್ಥ ಹೇಳುತ್ತಾನೆ.

"ಗೋವಾ ಹಿಡಕೊಂಡು ಕುಂತ ಪೋರ್ತುಗಾಲ ಅಂದ್ರ ಸಣ್ಣ ದೇಶ, ಈರಪ್ಪಣ್ಣಾ," ಎಂದ. "ಆದ್ರ ಅದು ದೊಡ್ಡ ದೊಡ್ಡವರ ದಂಡಿನ ಕೂಟದಾಗ ಐತಿ."

"ಕೂಟ ಅಂದ್ರ? ಊಟಾ ಮಾಡೂ ಕೂಟೇನು?"

"ಊಟದ್ದಲ್ಲೋ, ಹೊಡೆದಾಟದ್ದು. ಕರಾರು ಬರಕೊಂಡಾರ, ಒಬ್ಬಗ ಹೊಡದ್ರ ಎಲ್ಲಾರಿಗೂ ಹೊಡದಂಗ ಅಂತ. ಬೀಗತನ ಅನ್ಕೋ. ನಿನ್ನ ಬೀಗನ ಹೊಲದಾಗ ಬಡಿದಾಟ ಬಿದ್ರ ನೀ ಬಡಿಗಿ ತಗೊಂಡು ಹೋಗೂದಿಲ್ಲೇನು?"

"ಹೋಗಲಿಲ್ಲಂದ್ರ ನೀಲವ್ವ ಮನ್ಯಾಗ ರೊಟ್ಟಿ ಹಾಕ್ತಾಳೇನು?"

"ಹಾಂ, ಹಂಗ ಅದು. ಮೊದಲ ಹನ್ನೆರಡು ದೇಶ ಇದ್ದುವಂತ. ಆಮ್ಯಾಲೆ ಮತ್ತ ಮೂರು ಬಂದು ಸೇರಿದುವು. ಆ ಮೂರರಾಗ ಒಂದು ದೇಶ ಇನ್ನೊಂದು ಕೂಟದಾಗೂ ಐತಿ. ಆ ಕೂಟದಾಗ ಪಾಕಿಸ್ತಾನ ಐತಿ."

"ಅಂದ್ರ ಬೀಗರ ಬೀಗರು!"

"ಬೀಗರ ಬೀಗರು. ಕೂಟ ಬೆಳೆದಂಗೆಲ್ಲಾ ಒಳಗಿದ್ದವರಿಗೆ ಧೈರ್ಯ, ಬಾಜೂ ಮನಿಯವರಿಗೆ ಅಂಜಿಕಿ. ಈಗ ನಮ್ಮ ಬಾಜೂಕ ಗೋವಾ. ಗೋವಾದ ಬಾಜೂಕ ಯಾವ ಸೀಮಿ ಐತಿ ಹೇಳು?"

ನನಗೆ ಹೇಳುವುದೇ ಬೇಕಿರಲಿಲ್ಲ. ಸೂಪಾ ಸೀಮೆ. ಜೊಯಿಡಾ. ನಿಮ್ಮ ಅಂಗಡಿ ಕಟ್ಟೆ.

ಮೌಲಾಸಾಬ ತಮಾಷೆಗೆ ಬೀಗತನ ಎಂದ. ನಾನು ಅದನ್ನು ಹಾಗೇ ನುಂಗಿದೆ. ಊರಿಗೆ ಬರುವ ದಾರಿಯುದ್ದಕ್ಕೂ ಚಕ್ಕಡಿಯಲ್ಲಿ ಕೂತು ಬೆರಳು ಮಡಚಿ ಎಣಿಸಿದೆ: ಹದಿನೈದು ದೇಶ, ಮೇಲೆ ಬೀಗರ ಬೀಗರು. ಅಷ್ಟೂ ಮಂದಿ ಬಡಿಗಿ ಹಿಡಿದು ಗೋವಾದ ದಂಡೆಗೆ ಇಳಿದರೆ? ಘಟ್ಟ ಹತ್ತಿದರೆ ಮೊದಲು ಸಿಗುವುದೇ ನಿಮ್ಮ ಊರು. ಅಲ್ಲಿ ನನ್ನ ಕಸ್ತೂರಿ ಇದ್ದರೆ? ನನ್ನ ಇಬ್ಬರು ಗಂಡುಮಕ್ಕಳು ತಂಗಿಯನ್ನು ಕರೆತರಲು ಓಡುತ್ತಾರೆ. ಅವರ ಹಿಂದೆ ನಾನು. ಅಂದರೆ ಈ ಮಗಳನ್ನು ಕೊಟ್ಟೆನೆಂದರೆ ನಾನೂ ಒಂದು ಕೂಟಕ್ಕೆ ಸೇರಿದ ಹಾಗೆ, ಜಗಳ ನಡೆಯುವ ಅಂಗಳ ನಮ್ಮ ಹೊಸಲಿನವರೆಗೂ ಬೆಳೆದ ಹಾಗೆ — ಹೀಗೆ ಲೆಕ್ಕ ಹಾಕಿದೆ. ಎರಡನೆಯ ಇಯತ್ತೆಯ ಲೆಕ್ಕ.

ಅಂಜಿದೆ ಎಂದು ಹೇಳಬಹುದಿತ್ತು. "ಬೀಗಿತ್ಯಾರ, ಈ ಗದ್ದಲ ಒಂದು ಮುಗೀಲಿ, ಆಮ್ಯಾಲೆ ಮದವಿ ಮಾಡೂಣು" ಎಂದಿದ್ದರೆ ನೀವು ಮನಸಾರೆ ಒಪ್ಪುತ್ತಿದ್ದಿರಿ, ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಹೇಗೆ ಹೇಳಲಿ? ಬಿದಿರ ಮೆಳೆಯಲ್ಲಿ ಎದುರಾದ ಕರಡಿಯನ್ನು ಒಂದೇ ಕೂಗಿಗೆ ಓಡಿಸಿದೆನೆಂದು ನಿಮ್ಮ ಕಟ್ಟೆಯ ಮೇಲೆ ಮೀಸೆ ತಿರುವಿದವನು ನಾನು. (ಈ ಕಾಗದದಲ್ಲಿ ಇದನ್ನೂ ಹೇಳಿಬಿಡುತ್ತೇನೆ: ಕರಡಿ ತನ್ನಷ್ಟಕ್ಕೆ ತಾನು ಹೋಯಿತು. ಕೂಗಿದ್ದು ನಿಜ, ಆದರೆ ಅದು ಓಡಿಸುವ ಕೂಗಲ್ಲ.) ಅಂಥವನು ಪೇಪರ್ ಕೇಳಿ ಅಂಜಿದ ಎಂದರೆ ನಗುತ್ತಾರೆ. ನಾಚಿಕೆಯಾಯಿತು. ನನ್ನ ಅಂಜಿಕೆಯನ್ನು ತೆಗೆದು ದೇವರ ತಲೆಯ ಮೇಲೆ ಹಾಕಿದೆ.

ಮರುದಿನ ನೀವು ಬಂದಿರಿ. ಹಸಿರು ಇಳಕಲ್ ಸೀರೆ, ತುರುಬಿನ ಸುತ್ತ ಹಳದಿ ಸೇವಂತಿಗೆ ದಂಡೆ. ಗುಡಿಯ ಮೆಟ್ಟಿಲ ಮೇಲೆ ನೀಲವ್ವನೂ ನೀವೂ ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಹೇಳಿಕೊಂಡು ನಗುತ್ತ ನಿಂತಿದ್ದಿರಿ. ನನ್ನ ಬಗ್ಗೆಯೇ ಇರಬೇಕು. ಒಳಗೆ ಹೋದವರು ಇಬ್ಬರೇ, ಪೂಜೆಯ ಅಜ್ಜ ಮತ್ತು ನಾನು. ಅಜ್ಜನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಲಿಂಗದ ಎರಡೂ ಬದಿಗೆ ನೀರಿನಲ್ಲಿ ಅದ್ದಿದ ಒಂದೊಂದು ಕಣಗಿಲೆ ಹೂವು ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಕೆಲವೊಮ್ಮೆ ತಾಸುಗಟ್ಟಲೆ ಕಾಯಬೇಕಾಗುತ್ತದೆ. ಅವತ್ತು — ಅಜ್ಜ ಇನ್ನೂ ಗಂಟೆಗೆ ಕೈ ಹಾಕಿರಲಿಲ್ಲ, ನಾನು ಇನ್ನೂ ಹುಡುಗಿಯ ಹೆಸರು ಹೇಳಿ ಮುಗಿಸಿರಲಿಲ್ಲ — ಬಲಗಡೆಯ ಹೂವು ಜಾರಿ ಟಪ್ಪೆಂದು ಬಿತ್ತು. ದೇವರಿಗೇ ಅವಸರವಾಗಿತ್ತು.

"ಯಾಕಡೆ ಬಿತ್ತೋ ಈರಪ್ಪಾ?" ಎಂದ ಅಜ್ಜ, ಕಣ್ಣು ಕಿರಿದು ಮಾಡಿ.

"ಎಡಕ್ಕ, ಅಜ್ಜಾ."

ಆ ಕುರುಡು ಮುದುಕನಿಗೆ ಹೇಳಿದ್ದು ಮೊದಲನೆಯ ಸುಳ್ಳು. ಬಿದ್ದ ಹೂವನ್ನು ಎತ್ತಿ ಕಿಸೆಯಲ್ಲಿ ಇಟ್ಟುಕೊಂಡು ಹೊರಗೆ ಬಂದೆ. ನೀವು ನಗುಮುಖದಿಂದಲೇ ತಿರುಗಿದಿರಿ.

"ಎಡಕ್ಕ ಬಿತ್ರಿ, ಬೀಗಿತ್ಯಾರ," ಎಂದೆ. ಎರಡನೆಯದು.

ನೀವು ಅಳಲಿಲ್ಲ. ಕೈ ಹಿಂದಕ್ಕೆ ಹೋಯಿತು, ತುರುಬಿನ ದಂಡೆಯನ್ನು ಬಿಡಿಸಿ ಮೆಟ್ಟಿಲ ಪಕ್ಕ ಇಟ್ಟಿರಿ. ಮೆಲ್ಲಗೆ — ಕೂಸನ್ನು ಮಲಗಿಸಿದ ಹಾಗೆ. ಆಮೇಲೆ ಕಸ್ತೂರಿಯ ಗದ್ದ ಮುಟ್ಟಿ, "ನಿನ್ನ ಕಡೆ ಏನೂ ಇಲ್ಲ ತಂಗಿ, ನಮ್ಮ ಮನ್ಯಾಗ ಏನೋ ಕೊರತಿ ಇರಬೇಕು" ಎಂದು ಹೇಳಿ, ಬಂದ ಗಾಡಿಯಲ್ಲಿ ಹೋದಿರಿ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ದಂಡು ಗೋವಾದೊಳಗೆ ಹೋಯಿತು. ಎರಡು ದಿನ! ಬೀಗರು ಕೂಡಿ ಬರುತ್ತಾರೆಂದು ನಾನು ಕಾದೆ. ಅತ್ತ ಗೋವಾ ಕೈಗೆ ಬಂದಿತ್ತು. ಹಳಿಯಾಳಕ್ಕೆ ಓಡಿದೆ. ಮೌಲಾಸಾಬ ಪೇಪರ್ ಹಿಡಿದು ಕುಣಿಯುತ್ತಿದ್ದ.

"ಒಬ್ಬ ಬೀಗನೂ ಬರಲಿಲ್ಲೋ ಈರಪ್ಪಣ್ಣಾ! ಕರಾರಿನಾಗ ಗೋವಾ ಇರಲೇ ಇಲ್ಲಂತ. ಅವರ ಊರು, ಅವರ ಸಮುದ್ರ, ಅಷ್ಟಕ್ಕ ಬರಕೊಂಡಿದ್ರಂತ. ಮದವೀ ಊಟಕ್ಕ ಬರೂ ಬೀಗರು, ಬಡಿದಾಟಕ್ಕಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾರದ ಹದಿನೈದು ದೇಶಗಳಿಗೆ ಅಂಜಿ ನಾನು ಬಂದಿದ್ದ ಒಬ್ಬ ಬೀಗಿತ್ತಿಯನ್ನು ಕಳಿಸಿಬಿಟ್ಟಿದ್ದೆ.

ಆಗಲಾದರೂ ಜೊಯಿಡಾಕ್ಕೆ ಬಂದು ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಹೋಗೋಣ, ಸುಗ್ಗಿ ಮುಗಿಯಲಿ, ಮಳೆ ನಿಲ್ಲಲಿ... ಬೀಸುವ ಕಲ್ಲಿಗೆ ಕೂತರೆ ಹಾಡದೆ ಇರದ ಕಸ್ತೂರಿ ಬರೀ ಬೀಸುತ್ತಿದ್ದಳು. ಕಲ್ಲಿನ ಸದ್ದು ಒಂದೇ ಕೇಳುತ್ತಿತ್ತು. ನಾನು ಅದನ್ನು ಕೇಳಿಯೂ ಕೇಳದವನ ಹಾಗೆ ಎತ್ತು ಬಿಡಿಸಿಕೊಂಡು ಹೋಗುತ್ತಿದ್ದೆ. ಈ ಅಗಲ ಕಿವಿ ಇಟ್ಟುಕೊಂಡು!

ವರ್ಷ ಕಳೆದು, ಶಿವರಾತ್ರಿಯ ಮುಂದೆ, ನೀವೇ ಬಂದಿರಿ. ಒಬ್ಬರೇ. ತುರುಬು ಬೋಳು. ಪಡಸಾಲೆಯಲ್ಲಿ ಕಾಲು ಮಡಚಿ ಕೂತು, ನೀರೂ ಮುಟ್ಟದೆ ಹೇಳಿದಿರಿ. ಆ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ನಿಮ್ಮ ದೇವರು ಬ್ಯಾಡ ಅಂದಾನ, ಖರೆ. ಆದ್ರ ನಮ್ಮ ಹುಡುಗ ಬ್ಯಾರೆ ಹುಡುಗಿ ಒಲ್ಲೆ ಅಂತಾನ. ನಿಮ್ಮ ಹುಡುಗೀನೂ ಹಂಗ ಅಂತಾಳಂತ ಕೇಳೇನಿ. ದೇವರ ಸಿಟ್ಟು ಏನಿದ್ರೂ ನಾ ಹೊರತೇನಿ, ಬೀಗರ. ಹೂವು ಒಲ್ಲೆ ಅಂದೈತಿ, ನಾನೂ ಹೂವು ಒಲ್ಲೆ. ಈ ಮಕ್ಕಳ ಹೊಟ್ಟೀಲೆ ಒಂದು ಕೂಸು ನೆಟ್ಟಗ ಹುಟ್ಟಿ ಬರೂತನಕ ನಾ ಹೂವು ಮುಡಿಯೂದಿಲ್ಲ. ಹುಡುಗಿ ಕೊಡ್ರಿ."

ನನ್ನ ಬಾಯಿ ತೆರೆಯಿತು, ಬೀಗಿತ್ತಿಯವರೇ. ನಿಜಕ್ಕೂ ತೆರೆಯಿತು. "ಅಲ್ರಿ, ಆ ಹೂವು —" ಎಂದೆ. ಅಷ್ಟರಲ್ಲಿ ಒಳಗೆ ಕಸ್ತೂರಿ ಬೀಸುವುದು ನಿಂತಿತು. ಈಗ ನಿಜ ಹೇಳಿದರೆ ಈ ಹೆಣ್ಣುಮಗಳು ಎದ್ದು ಹೋದಾಳು, ಸುಳ್ಳುಗಾರನ ಮನೆಯ ಹೆಣ್ಣು ಬೇಡವೆಂದಾಳು... "ಆತ್ರಿ," ಎಂದೆ. ಅಷ್ಟೇ. ಎಡಕ್ಕೆ ಬಿತ್ತು ಎಂದದ್ದು ಅಂಜಿಕೆಯ ಮಾತು, ಒಂದು ಕ್ಷಣದ್ದು. ಇದು ಹಾಗಲ್ಲ. ನೀವು ನನ್ನ ಸುಳ್ಳನ್ನು ತಲೆಯ ಮೇಲೆ ಹೊತ್ತುಕೊಳ್ಳುವುದನ್ನು ನೋಡುತ್ತ ನಾನು ಸುಮ್ಮನೆ ಕೂತೆ. ಒಂದಲ್ಲ, ಐದಾರು ವರ್ಷ.

ಮದುವೆಯಲ್ಲಿ ಗಂಡಿನ ತಾಯಿಯ ತುರುಬು ಬೋಳು. ಅರಿಷಿಣ ಕುಂಕುಮಕ್ಕೆ ಕರೆದರೆ ಕುಂಕುಮ ಹಚ್ಚಿಸಿಕೊಂಡು ಹೂವನ್ನು ಪಕ್ಕದವರಿಗೆ ದಾಟಿಸುತ್ತಿದ್ದಿರಿ. ಹಳಿಯಾಳದಲ್ಲಿ ನಮ್ಮವರೊಬ್ಬರ ಸೀಮಂತದಲ್ಲಿ ಒಬ್ಬ ಮುದುಕಿ ನಿಮ್ಮ ಬೋಳು ತುರುಬನ್ನು ಹಿಂದಿನಿಂದ ನೋಡಿ, "ಗಂಡ ಹೋಗಿ ಎಷ್ಟು ದಿನ ಆತವ್ವ?" ಎಂದು ಕೇಳಿಯೇಬಿಟ್ಟಳು. ನಾನು ಅಲ್ಲೇ ಎಲೆ ಹಾಸುತ್ತಿದ್ದೆ. ನೀವು ಮಾತ್ರ ನಕ್ಕು, "ಎಲ್ಲಿ ಹೋಗ್ಯಾನಬೇ, ಅಲ್ಲೆ ಎರಡನೇ ಸಾಲಿನಾಗ ಕುಂತು ಮೂರನೇ ಹೋಳಿಗಿ ತಿನ್ನಾಕತ್ಯಾನ ನೋಡು" ಎಂದಿರಿ. ಎಲ್ಲರೂ ನಕ್ಕರು. ನಿಮ್ಮ ಕೈ ಮಾತ್ರ ಒಮ್ಮೆ ತುರುಬಿಗೆ ಹೋಗಿ ಬಂತು. ನಾನು ನೋಡಿದೆ.

ಮದುವೆಯಾಗಿ ವರ್ಷ ವರ್ಷ ಕಳೆದರೂ ಕೂಸಾಗಲಿಲ್ಲ. ಆಗ ಬೇರೆ ಅತ್ತೆಯಾಗಿದ್ದರೆ ಸೊಸೆಯನ್ನು ಜರಿಯುತ್ತಿದ್ದಳು. ನೀವು ನಿಮ್ಮನ್ನೇ ಜರಿದುಕೊಂಡಿರಿ. "ನಾ ದೇವರಿಗೆ ಎದುರಾಗಿದ್ದಕ್ಕ ಹಿಂಗಾತು" ಎಂದು ಸೋಮವಾರದ ಒಪ್ಪತ್ತು ಹಿಡಿದಿರೆಂದು ಕಸ್ತೂರಿ ಹೇಳಿದಳು. ಕೇಳಿ ನಾನು ಏನು ಮಾಡಿದೆ? ಒಂದು ಕೊಳಗ ಶೇಂಗಾ ಕಳಿಸಿಕೊಟ್ಟೆ. ನಿಜ ಕಳಿಸಬೇಕಾದಲ್ಲಿ ಶೇಂಗಾ.

ನಡುವೆ ಪಾಕಿಸ್ತಾನದ ಜೊತೆ ಯುದ್ಧವಾಯಿತಲ್ಲ, ಆಗ ಮತ್ತೆ ಮೌಲಾಸಾಬನಲ್ಲಿಗೆ ಹೋಗಿದ್ದೆ. ಅವರೂ ಎರಡೆರಡು ಕೂಟದಲ್ಲಿದ್ದರಂತೆ. "ಈ ಸಲಾನೂ ಬೀಗರು ಬರಲಿಲ್ಲ," ಎಂದ. ನಗಲಿಲ್ಲ. ಅವನ ಅಕ್ಕನ ಮಗ ದಂಡಿನಲ್ಲಿದ್ದ, ಪಂಜಾಬಿನ ಕಡೆ. "ಆದ್ರ ಬೀಗರು ಕೊಟ್ಟ ಬಡಿಗಿ, ತೋಪು ಟ್ಯಾಂಕು, ಬಂದೈತಿ ನೋಡು ಈರಪ್ಪಣ್ಣಾ. ಅದು ಕೆಟ್ಟದ್ದು." ಅಕ್ಕನ ಮಗ ನೆಟ್ಟಗೆ ತಿರುಗಿ ಬಂದ, ಆ ಮಾತು ಬೇರೆ. ಅವತ್ತು ಮನೆಗೆ ಬರುವಾಗ ನನಗೆ ಹೊಳೆದದ್ದು ನಿಮ್ಮ ಬೋಳು ತುರುಬು. ಬರುತ್ತೇವೆಂದು ದೊಡ್ಡ ಕಾಗದದ ಮೇಲೆ ರುಜು ಹಾಕಿದವರು ಬರಲಿಲ್ಲ. ಒಂದಕ್ಷರ ಬರೆದುಕೊಳ್ಳದೆ ನೀವು ಬಂದಿರಿ — ನಮ್ಮ ಮನೆಯ ಮೇಲೆ ಬರಬೇಕಾದ ಸಿಟ್ಟಿಗೆ ನಿಮ್ಮ ತಲೆ ಒಡ್ಡಿ ನಿಂತಿರಿ. ಬೀಗತನ ಎಂದರೆ ಇದು. ನಾನು ಅದಕ್ಕೆ ಅಂಜಿದ್ದೆ.

ಕಂಡಕ್ಟರನ ಮಾತು ಕೇಳಿದ ದಿನ ಮನೆಗೆ ಬಂದು ನೀಲವ್ವನಿಗೆ ಎಲ್ಲ ಹೇಳಿದೆ. ಬಾಣಂತಿಗೆ ಕಾಯಿಸುತ್ತಿದ್ದ ನೀರಿನ ಮುಂದೆ ಕೂತಿದ್ದಳು. ಒಲೆಯಿಂದ ಒಂದು ಕೊಳ್ಳಿ ಹೊರಗೆಳೆದಳು. ಆಮೇಲೆ,

"ಅಲ್ರೀ, ಗೋವಾದ ದಂಡು ಎರಡು ದಿನಕ್ಕ ಮುಗೀತು. ನಿಮ್ಮ ದಂಡು ಏಳು ವರ್ಷ ನಡಸೀರಲ್ಲ! ಅದೂ ಒಬ್ಬ ಹೆಣ್ಣುಮಗಳ ಮ್ಯಾಲೆ!"

"ತೊಟ್ಟಲದ ದಿನ ಬಂದಾಗ ಬಾಯಿಲೆ ಹೇಳತೇನಿ," ಎಂದೆ.

"ನಿಮ್ಮ ಬಾಯಿ ನಾ ನಂಬೂದಿಲ್ಲ. ಒಮ್ಮೆ ಬಲಾ ಹೋಗಿ ಎಡಾ ಮಾಡೈತಿ. ಬರೀರಿ."

ಕೂಸು ಒಳಗಿನಿಂದ ಕಿರುಚಿತು. ಅಜ್ಜಿಯ ಪಕ್ಷ. ನೀಲವ್ವ ಈಗ ಎರಡು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ. ಮಾತಾಡಬೇಕಾದ್ದನ್ನು ಕೂಸಿಗೆ ಹೇಳುತ್ತಾಳೆ, ನನಗೆ ಕೇಳುವಂತೆ. "ಕೂಸವ್ವಾ, ನಿಮ್ಮ ಅಜ್ಜಗ ರೊಟ್ಟಿ ಆರಿ ಹೊಂಟಾವಂತ ಹೇಳು." ಕಸ್ತೂರಿಗೂ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಜೆಗೆ ಕೂಸನ್ನು ನನ್ನ ತೊಡೆಯ ಮೇಲೆ ತಂದು ಇಟ್ಟು, "ನಮ್ಮ ಅತ್ತಿಯವರಿಗೆ ಮುಟ್ಟೂವಂಗ ಬರಿ, ಅಪ್ಪಾ" ಎಂದಳು.

ಹೀಗೆ ಕೂಸನ್ನು ಎಡತೊಡೆಯ ಮೇಲೆ ಮಲಗಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಡುವೆ ಒಂದು ಕಡೆ ಮಸಿ ಹರಡಿದೆಯಲ್ಲ, ಅದು ಅವಳ ಕಾಲು. ಹಿಗ್ಗು ಇನ್ನೂ ಹಾಗೇ ಇದೆ. ಅದರ ಕೆಳಗೆ ಈ ನಾಚಿಕೆಯೂ ಇದೆ. ಎರಡೂ ಒಂದೇ ಎದೆಯಲ್ಲಿ ಹೇಗೆ ಹಿಡಿಸುತ್ತವೋ ನನಗೆ ತಿಳಿಯದು.

ಶಂಕ್ರಪ್ಪ ಬೀಗರಿಗೂ ಇದನ್ನು ಓದಿ ಹೇಳಿ. ಪೂಜೆಯ ಅಜ್ಜ ಈಗ ಇಲ್ಲ. ಅವನ ಮಗನ ಮುಂದೆ, ಗುಡಿಯಲ್ಲಿ ಊರವರು ಕೂಡಿದಾಗ, ನಾನೇ ಹೇಳುತ್ತೇನೆ. ಕರಡಿಯ ಮಾತನ್ನೂ ಹೇಳುತ್ತೇನೆ. ತಪ್ಪಾಯಿತೆಂದು ಉದ್ದಕ್ಕೆ ಬೀಳುವವನು ನಾನು. ನೀವು ಗುಡಿಯೊಳಗೆ ತಲೆ ಎತ್ತಿಕೊಂಡೇ ಹೋಗಿ. ಆತ ಏಳು ವರ್ಷದ ಹಿಂದೆಯೇ ನಿಮಗೆ ಹೂಂ ಎಂದಿದ್ದಾನೆ, ಅದೂ ಅವಸರದಿಂದ.

ಹದಿಮೂರನೆಯ ದಿನ ಜೊಯಿಡಾದ ಬಸ್ಸು ಬರುವ ಹೊತ್ತಿಗೆ ಹಳಿಯಾಳದ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಸೇವಂತಿಗೆ ದಂಡೆ ಇರುತ್ತ‌ದೆ. ಅವತ್ತು ಮುಡಿದಿದ್ದಿರಲ್ಲ, ಅದೇ ಹಳದಿ. ಈ ಸಲ ನಾನು ದೇವರನ್ನು ಕೇಳುವುದಿಲ್ಲ, ನಿಮ್ಮನ್ನು ಕೇಳುತ್ತೇನೆ. ತೆಗೆದುಕೊಂಡು ಮುಡಿದರೆ ಮುಡಿದಿರಿ. ನನ್ನ ಮುಂದೆಯೇ ನೆಲಕ್ಕೆ ಬಿಟ್ಟರೆ, ಬೀಗಿತ್ತಿಯವರೇ, ಅದು ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ — ಬಿದ್ದದ್ದನ್ನು ಬಿದ್ದ ಹಾಗೆಯೇ ಮನೆಗೆ ಬಂದು ಹೇಳುತ್ತೇನೆ.

ನಿಮ್ಮ ಬೀಗ,
ಈರಪ್ಪ